ಇ-ಮೇಲ್ ನಿಂತಾಗ ಎದೆಬಡಿತ ಏನು ಹೇಳಿತು?

ಅಮೆರಿಕದ ಬಾಸ್ಟನ್ ನಗರದ ಹೊರವಲಯದಲ್ಲಿ ನೇಟಿಕ್ ಎಂಬ ಊರಿದೆ. ಆ ದೇಶದ ಸೇನೆಗೆ ಸೇರಿದ ಒಂದು ಸಂಶೋಧನಾ ಕೇಂದ್ರ ಅಲ್ಲಿದೆ. ಸೈನಿಕರು ತೊಡುವ ಉಡುಪು, ತಿನ್ನುವ ಆಹಾರ, ತಂಗುವ ಡೇರೆ ಇವುಗಳ ಬಗ್ಗೆ ಅಧ್ಯಯನ ನಡೆಯುವ ಜಾಗ ಅದು. ಕೆಲವು ವರ್ಷಗಳ ಹಿಂದೆ ಅಲ್ಲಿನ 13 ಮಂದಿ ನಾಗರಿಕ ನೌಕರರು ಒಂದು ವಿಚಿತ್ರವಾದ ಪ್ರಯೋಗಕ್ಕೆ ಒಪ್ಪಿಕೊಂಡರು. ಇವರೆಲ್ಲ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವರು. ಕೆಲಸದ ವೇಳೆಯಲ್ಲಿ ಅವರು ಎದೆಬಡಿತ ಅಳೆಯುವ ಸಾಧನವನ್ನು ಮೈಗೆ ಕಟ್ಟಿಕೊಳ್ಳಬೇಕು. ಮೊದಲ ಮೂರು ದಿನ ಎಂದಿನಂತೆ ಕೆಲಸ. ಆನಂತರದ ಐದು ದಿನ ಕೆಲಸ ಮಾತ್ರ ಇರುತ್ತದೆ, ಇ-ಮೇಲ್ ಇರುವುದಿಲ್ಲ!

ಫೋನಿನಲ್ಲಿ ಮಾತನಾಡಬಹುದು. ಎದ್ದುಹೋಗಿ ಪಕ್ಕದ ಕೊಠಡಿಯವರನ್ನು ಕಂಡು ಬರಬಹುದು. ಆದರೆ ಪತ್ರ ಬಂತೇ ಎಂದು ಪರದೆಯನ್ನು ಇಣುಕಿ ನೋಡುವಂತಿಲ್ಲ. ಹೀಗೆ ಮಾಡಿದರೆ ಮನುಷ್ಯನ ಹೃದಯ ಏನು ಹೇಳುತ್ತದೆ? ಅದನ್ನು ತಿಳಿಯುವುದೇ ಪ್ರಯೋಗದ ಉದ್ದೇಶ.

ಇದನ್ನು ರೂಪಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಪ್ರಾಧ್ಯಾಪಕಿ ಗ್ಲೋರಿಯಾ ಮಾರ್ಕ್ ಮತ್ತು ಅವರ ಸಂಗಡಿಗರು. ಕಚೇರಿಗೆ ಕಂಪ್ಯೂಟರ್ ಬಂದದ್ದರಿಂದ ಕೆಲಸ ಎಷ್ಟು ವೇಗವಾಯಿತು ಎಂದು ಲೆಕ್ಕ ಹಾಕಿದವರು ಅನೇಕರಿದ್ದಾರೆ. ಕೆಲಸ ಮಾಡುವವನ ಮನಸ್ಸಿಗೆ ಏನಾಯಿತು, ಪಕ್ಕದಲ್ಲಿ ಕುಳಿತವನೊಡನೆ ಅವನ ನಡವಳಿಕೆ ಹೇಗೆ ಬದಲಾಯಿತು ಎಂದು ಎರಡು ದಶಕಗಳಿಗೂ ಹೆಚ್ಚು ಕಾಲ ಪಟ್ಟುಹಿಡಿದು ಅಳೆದವರು ಗ್ಲೋರಿಯಾ ಮಾರ್ಕ್.

ಕುಂಚ ಹಿಡಿದ ಕೈಗೆ ಅಂಕಿ-ಅಂಶ

ಇಂಥ ವಿಜ್ಞಾನಿ ಬಾಲ್ಯದಿಂದಲೂ ಗಣಿತ, ವಿಜ್ಞಾನಗಳಲ್ಲೇ ಮುಳುಗಿದ್ದವರು ಎಂದು ನೀವು ಊಹಿಸಿದರೆ ಅದು ತಪ್ಪು. ಅವರು ಮೊದಲು ಓದಿದ್ದು ಚಿತ್ರಕಲೆ. ಕ್ಲೀವ್‌ಲ್ಯಾಂಡ್ ಕಲಾಶಾಲೆಯಲ್ಲಿ ಪದವಿ ಪಡೆದರು. ಚಿತ್ರ ಬರೆದು ಜೀವನ ಸಾಗಿಸುವುದು ಕಷ್ಟವೆಂದು ಅರಿತು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸೇರಿ ಜೈವಿಕ ಸಂಖ್ಯಾಶಾಸ್ತ್ರ ಓದಿದರು. ಅಲ್ಲಿ ಮ್ಯಾನ್‌ಫ್ರೆಡ್ ಕೋಕೆನ್ ಎಂಬ ಮಾಹಿತಿ ವಿಜ್ಞಾನಿಯ ಬಳಿ ಸಹಾಯಕಿಯ ಕೆಲಸ ಕೇಳಿಕೊಂಡು ಹೋದರಂತೆ. ಆ ವಿಜ್ಞಾನಿ ಕೇಳಿದ ಯಾವ ತಾಂತ್ರಿಕ ವಿದ್ಯೆಯೂ ಅವರಿಗೆ ಬರುತ್ತಿರಲಿಲ್ಲ. ಕೊನೆಗೆ, ತನಗೆ ಬರುವುದು ಚಿತ್ರ ಬರೆಯುವುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಕೋಕೆನ್ ಕೂಡ ಹಿಂದೆ ಚಿತ್ರಕಲೆ ಕಲಿತವರೇ! ಕೆಲಸ ಸಿಕ್ಕಿತು. ಒಂದು ಶಾಖೆಯನ್ನು ಬಿಟ್ಟು ಇನ್ನೊಂದಕ್ಕೆ ಹೊರಟ ಮಗ ಅಥವಾ ಮಗಳ ಬಗ್ಗೆ ಚಿಂತಿಸುವ ತಂದೆತಾಯಿಗಳು ಈ ಪ್ರಸಂಗವನ್ನು ನೆನಪಿಡಬಹುದು.

ಮುಂದೆ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಕೆಲವು ವರ್ಷ ಜರ್ಮನಿಯ ಬಾನ್ ಬಳಿಯಿದ್ದ ರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. ಅಲ್ಲಿ ಮಧ್ಯಾಹ್ನವಾಯಿತೆಂದರೆ ಸಹೋದ್ಯೋಗಿಗಳೆಲ್ಲ ಒಟ್ಟಿಗೆ ಊಟಕ್ಕೆ ಹೊರಡುವುದು ಪದ್ಧತಿ. ಅವಸರವಿಲ್ಲದ ಊಟ, ಊಟವಾದ ಮೇಲೆ ಸಂಸ್ಥೆಯ ಆವರಣದಲ್ಲಿ ಮಾತನಾಡುತ್ತಾ ಒಂದು ಸುತ್ತು ನಡಿಗೆ. ಮತ್ತೆ ಮೇಜಿಗೆ ಮರಳುವಾಗ ಮನಸ್ಸು ಹಗುರವಾಗಿರುತ್ತಿತ್ತು. 2000ದಲ್ಲಿ ಅಮೆರಿಕಕ್ಕೆ ಹಿಂದಿರುಗಿ ಪ್ರಾಧ್ಯಾಪಕಿಯಾದಾಗ ಈ ಚಿತ್ರವೇ ಬದಲಾಯಿತು. ಊಟದ ಡಬ್ಬಿ ಕಂಪ್ಯೂಟರಿನ ಪಕ್ಕಕ್ಕೆ ಬಂತು! ಒಂದು ತುತ್ತು ಬಾಯಿಗೆ, ಒಂದು ಕಣ್ಣು ಪರದೆಗೆ. ಇದು ತಮ್ಮೊಬ್ಬರ ಪಾಡೇ, ಎಲ್ಲರ ಪಾಡೇ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಅವರ ಸಂಶೋಧನೆಯ ಬೀಜ ಮೊಳೆತದ್ದು ಹೀಗೆ.

ಬೆನ್ನ ಹಿಂದೆ ಸ್ಟಾಪ್‌ವಾಚ್

ಮೊದಲ ಅಧ್ಯಯನಗಳು ಬಹಳ ಸರಳ. ಸಂಶೋಧಕರೊಬ್ಬರು ಸ್ಟಾಪ್‌ವಾಚ್ ಹಿಡಿದು ನೌಕರನ ಹಿಂದೆ ಕುಳಿತುಕೊಳ್ಳುವುದು. ಅವನು ಪತ್ರ ತೆರೆದಾಗ ಒಮ್ಮೆ ಗುಂಡಿ ಒತ್ತುವುದು, ಅದನ್ನು ಬಿಟ್ಟು ಬೇರೆಯದಕ್ಕೆ ಹೊರಳಿದಾಗ ಇನ್ನೊಮ್ಮೆ ಒತ್ತುವುದು. 2004ರ ಸುಮಾರಿಗೆ ಹೀಗೆ ಅಳೆದಾಗ, ನೌಕರ ಒಂದು ಪರದೆಯ ಮೇಲೆ ಗಮನವಿಟ್ಟು ನಿಲ್ಲುತ್ತಿದ್ದುದು ಸರಾಸರಿ ಎರಡೂವರೆ ನಿಮಿಷ. ಮುಂದೆ ಕಂಪ್ಯೂಟರುಗಳೇ ಈ ಲೆಕ್ಕ ಇಡುವಂತಾಯಿತು. 2012ರಲ್ಲಿ ಅದು 75 ಸೆಕೆಂಡಿಗೆ ಇಳಿದಿತ್ತು. ಅನಂತರದ ವರ್ಷಗಳ ಅಧ್ಯಯನಗಳಲ್ಲಿ ಸರಾಸರಿ 47 ಸೆಕೆಂಡ್! ಈ ಕಥೆಯನ್ನೆಲ್ಲ ಅವರು 2023ರಲ್ಲಿ ಹೊರತಂದ ‘ಅಟೆನ್ಷನ್ ಸ್ಪ್ಯಾನ್’ ಎಂಬ ಪುಸ್ತಕದಲ್ಲಿ ವಿವರಿಸಿದ್ದಾರೆ.

ಕೆಲಸದ ನಡುವೆ ಒಮ್ಮೆ ಅಡಚಣೆಯಾದರೆ ಏನಾಗುತ್ತದೆ? ಬಿಟ್ಟ ಕೆಲಸಕ್ಕೆ ಮರಳಿ ಬರುವ ಹೊತ್ತಿಗೆ ಸರಾಸರಿ 25 ನಿಮಿಷ ಕಳೆದಿರುತ್ತದೆ ಎಂದು 2005ರ ಅಧ್ಯಯನ ಹೇಳಿತು. ಹಾಗೆಂದರೆ 25 ನಿಮಿಷ ಸುಮ್ಮನೆ ಕುಳಿತಿರುತ್ತಾರೆ ಎಂದಲ್ಲ. ನಡುವೆ ಬೇರೆ ಒಂದೆರಡು ಕೆಲಸಗಳಿಗೆ ಕೈ ಹಾಕಿರುತ್ತಾರೆ. ಅರ್ಧಕ್ಕೆ ಬಿಟ್ಟ ಕೆಲಸ ಮಾತ್ರ ಮನಸ್ಸಿನ ಮೂಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಬರ್ಲಿನ್ನಿನಲ್ಲಿ ಅಧ್ಯಯನ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮಹಿಳೆ 1927ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆಗ ಕಂಪ್ಯೂಟರೂ ಇರಲಿಲ್ಲ, ಇ-ಮೇಲೂ ಇರಲಿಲ್ಲ. ಮನಸ್ಸು ಮಾತ್ರ ಇದೇ ಆಗಿತ್ತು!

ಇನ್ನೊಂದು ಸ್ವಾರಸ್ಯವಿದೆ. ಅಡಚಣೆ ಎಂದರೆ ಯಾರೋ ಬಂದು ಕರೆಯುವುದು, ಫೋನ್ ಬಡಿದುಕೊಳ್ಳುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಮಾರ್ಕ್ ಅವರ ತಂಡ ಎಣಿಸಿ ನೋಡಿದಾಗ ಹತ್ತಿರಹತ್ತಿರ ಅರ್ಧದಷ್ಟು ಅಡಚಣೆಗಳನ್ನು ನೌಕರರು ತಮಗೆ ತಾವೇ ಮಾಡಿಕೊಂಡಿದ್ದರು. ಯಾರೂ ಕರೆಯದಿದ್ದರೂ ಕೈ ತಾನಾಗಿ ಪತ್ರಪೆಟ್ಟಿಗೆಯತ್ತ ಹೋಗುತ್ತಿತ್ತು. ಹೊರಗಿನ ಅಡಚಣೆಗಳು ಹೆಚ್ಚಾಗಿದ್ದ ಗಂಟೆ ಕಳೆದ ಮೇಲೆ, ಮುಂದಿನ ಗಂಟೆಯಲ್ಲಿ ಒಳಗಿನಿಂದ ಬರುವ ಅಡಚಣೆ ಏರುತ್ತಿತ್ತು. ಎಂದರೆ, ಬೇರೆಯವರು ಕಲಿಸಿದ ಚಂಚಲತೆಯನ್ನು ಮನಸ್ಸು ತಾನೇ ಮುಂದುವರಿಸಿಕೊಂಡು ಹೋಗುವಂತೆ ಕಾಣುತ್ತದೆ.

ಕೆಲಸ ಕೆಡಲಿಲ್ಲ, ಆದರೆ...

ಇಷ್ಟೆಲ್ಲ ಅಡಚಣೆಗಳಿಂದ ಕೆಲಸ ಕೆಟ್ಟುಹೋಗಬೇಕಲ್ಲವೇ? ಅದನ್ನೂ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಕಚೇರಿಯ ಪತ್ರಗಳಿಗೆ ಉತ್ತರ ಬರೆಯುವ ಕೆಲಸ ಕೊಟ್ಟು ನಡುನಡುವೆ ತಡೆದರು. ಇನ್ನು ಕೆಲವರನ್ನು ಅವರ ಪಾಡಿಗೆ ಬಿಟ್ಟರು. ಫಲಿತಾಂಶ ಸಂಶೋಧಕರನ್ನೇ ಅಚ್ಚರಿಗೊಳಿಸಿತು. ಅಡಚಣೆಗೊಳಗಾದವರು ಆ ಕೆಲಸವನ್ನು ಇನ್ನೂ ಬೇಗ ಮುಗಿಸಿದ್ದರು! ಗುಣಮಟ್ಟದಲ್ಲೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನಷ್ಟವೆಲ್ಲಿ? ನಷ್ಟ ಕಂಡದ್ದು ಕಾಗದದ ಮೇಲಲ್ಲ, ಮನುಷ್ಯನಲ್ಲಿ. ಕಳೆದ ಸಮಯವನ್ನು ತುಂಬಿಕೊಳ್ಳಲು ಅವರು ಓಡುತ್ತಾ ಕೆಲಸ ಮಾಡಿದ್ದರು. ಕೇವಲ 20 ನಿಮಿಷಗಳ ಅಡಚಣೆಯ ದುಡಿಮೆಯ ನಂತರವೇ ಅವರಲ್ಲಿ ಒತ್ತಡ, ಹತಾಶೆ, ಅವಸರ, ಶ್ರಮ ಎಲ್ಲವೂ ಹೆಚ್ಚಾಗಿದ್ದವು. ಮಾರ್ಕ್ ಅವರ ಸಂಶೋಧನೆಯ ತಿರುಳು ಇಲ್ಲಿದೆ. ಕೆಲಸ ಸಕಾಲಕ್ಕೆ ಮುಗಿದಿದೆ, ಎಲ್ಲವೂ ಸರಿಯಾಗಿದೆ ಎಂದು ಮೇಲಧಿಕಾರಿ ತೃಪ್ತಿಪಡುತ್ತಾನೆ. ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಕಚೇರಿಯ ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಎದೆಬಡಿತದ ಸಾಕ್ಷಿ

ಈಗ ನೇಟಿಕ್‌ನ ಪ್ರಯೋಗಕ್ಕೆ ಮರಳೋಣ. ಇಲ್ಲಿ ಎದೆಬಡಿತವನ್ನೇ ಏಕೆ ಅಳೆದರು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಆರೋಗ್ಯವಂತನ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿಯುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆದರೆ ಅದು ಗಡಿಯಾರದ ಲೋಲಕದಂತೆ ಸಮನಾಗಿ ಬಡಿಯುವುದಿಲ್ಲ. ಉಸಿರು ಎಳೆದುಕೊಂಡಾಗ ಬಡಿತ ತುಸು ವೇಗವಾಗುತ್ತದೆ, ಬಿಟ್ಟಾಗ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು, ನೀಳವಾಗಿ ಉಸಿರಾಡುತ್ತಾ ನೀವೇ ಇದನ್ನು ಗಮನಿಸಲು ಪ್ರಯತ್ನಿಸಬಹುದು.

ಈ ಏರಿಳಿತಕ್ಕೆ ಕಾರಣ ಸ್ವಾಯತ್ತ ನರಮಂಡಲದ ಎರಡು ಭಾಗಗಳು. ಅನುವೇದಕ ನರಗಳು ಅಪಾಯದ ವೇಳೆ ದೇಹವನ್ನು ಸಜ್ಜುಗೊಳಿಸಿ ಹೃದಯವನ್ನು ಓಡಿಸುತ್ತವೆ. ಪರಾನುವೇದಕ ನರಗಳು, ಮುಖ್ಯವಾಗಿ ವೇಗಸ್ ಎಂಬ ನರ, ಅದಕ್ಕೆ ಲಗಾಮು ಹಾಕುತ್ತವೆ. ನೆಮ್ಮದಿಯಲ್ಲಿದ್ದಾಗ ಲಗಾಮು ಬಿಗಿಯಾಗುತ್ತಾ ಸಡಿಲವಾಗುತ್ತಾ ಬಡಿತಗಳ ನಡುವಿನ ಅಂತರ ಬದಲಾಗುತ್ತಿರುತ್ತದೆ. ಮನಸ್ಸು ಸದಾ ಎಚ್ಚರದ ಸ್ಥಿತಿಯಲ್ಲಿದ್ದಾಗ ಈ ಏರಿಳಿತ ಕುಗ್ಗುತ್ತದೆ. ಬಾಯಿ ‘ಚೆನ್ನಾಗಿದ್ದೇನೆ’ ಎಂದು ಸುಳ್ಳು ಹೇಳಬಹುದು. ಬಡಿತದ ಲಯ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಇ-ಮೇಲ್ ಇದ್ದ ದಿನಗಳಲ್ಲಿ ನೌಕರರ ಹೃದಯ ಸದಾ ಕಾವಲು ನಿಂತವನಂತೆ ಎಚ್ಚರದ ಸ್ಥಿತಿಯಲ್ಲಿತ್ತು. ಇ-ಮೇಲ್ ಇಲ್ಲದ ದಿನಗಳಲ್ಲಿ ಬಡಿತಕ್ಕೆ ಸಹಜವಾದ ಏರಿಳಿತ ಮರಳಿತು. ಮೊದಲು ಗಂಟೆಗೆ ಸರಾಸರಿ 37 ಬಾರಿ ಪರದೆ ಬದಲಿಸುತ್ತಿದ್ದವರು ಈಗ 18 ಬಾರಿ ಮಾತ್ರ ಬದಲಿಸಿದರು. ಒಂದೊಂದು ಕೆಲಸದ ಮೇಲೂ ಹೆಚ್ಚು ಹೊತ್ತು ನಿಂತರು. ಕೇಳಬೇಕಾದುದನ್ನು ಎದ್ದುಹೋಗಿ ಕೇಳಿದರು. ಮುಖ ನೋಡಿ ಮಾತನಾಡುವುದು ಹೆಚ್ಚಾಯಿತು.

ಒಬ್ಬ ವಿಜ್ಞಾನಿಯ ಅನುಭವ ಇಲ್ಲಿ ಬಹಳ ಅರ್ಥಪೂರ್ಣ. ಅವನು ಪ್ರಯೋಗಾಲಯದ ಸಿದ್ಧತೆಯಲ್ಲಿ ತೊಡಗಿರುವಾಗಲೆಲ್ಲ ಮೇಲಧಿಕಾರಿಯಿಂದ ಇ-ಮೇಲ್ ಮೂಲಕ ಹೊಸ ಹೊಸ ಕೆಲಸಗಳು ಬಂದು ಬೀಳುತ್ತಿದ್ದವು. ಇ-ಮೇಲ್ ನಿಂತ ಐದು ದಿನ ಆ ಕೆಲಸಗಳೂ ನಿಂತುಹೋದವು! ಅಧಿಕಾರಿಯ ಕೊಠಡಿ ದೂರವೇನೂ ಇರಲಿಲ್ಲ, ನಾಲ್ಕು ಹೆಜ್ಜೆ ನಡೆದು ಬಂದು ಹೇಳಬಹುದಿತ್ತು. ಅವರು ಬರಲಿಲ್ಲ. ಒಬ್ಬನ ಕಣ್ಣಿಗೆ ಕಣ್ಣಿಟ್ಟು ಕೆಲಸ ಹೊರಿಸಲು ಮನುಷ್ಯನಿಗೆ ತುಸು ಸಂಕೋಚವಿರುತ್ತದೆ. ಗುಂಡಿ ಒತ್ತಿ ಹೊರಿಸಲು ಆ ಸಂಕೋಚ ಅಡ್ಡಬರುವುದಿಲ್ಲ. ಯಂತ್ರ ನಡುವೆ ಬಂದಾಗ ಸಂಬಂಧದ ಸ್ವರೂಪವೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಮುಖವೇ ಮನಸ್ಸಿನ ಕನ್ನಡಿ

ಒತ್ತಡ ಒಬ್ಬನ ಎದೆಯೊಳಗೇ ಉಳಿದಿದ್ದರೆ ಅದು ಅವನೊಬ್ಬನ ಸಮಸ್ಯೆ. ಆದರೆ ಅದು ಮುಖಕ್ಕೆ ಬರುತ್ತದೆ. ಮುಖವನ್ನು ಪಕ್ಕದವರು ನೋಡುತ್ತಾರೆ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಐಯೋನಿಸ್ ಪಾವ್ಲಿಡಿಸ್ ಮೊದಲಾದವರೊಂದಿಗೆ ಸೇರಿ ಮಾರ್ಕ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮುಖದ ಬಗ್ಗೆಯೇ. 26 ಮಂದಿ ಪ್ರಯೋಗಾಲಯದಲ್ಲಿ ಕುಳಿತು ಪ್ರಬಂಧ ಬರೆದರು. ಕೆಲವರಿಗೆ ಬರೆಯುವ ನಡುವೆ ಇ-ಮೇಲ್‌ಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಉಳಿದವರಿಗೆ ಎಲ್ಲ ಪತ್ರಗಳೂ ಒಂದೇ ಕಂತೆಯಾಗಿ ಬಂದವು. ಅವರ ಮುಖದ ವಿಡಿಯೋಗಳನ್ನು ಕಂಪ್ಯೂಟರಿನಿಂದಲೇ ಪರಿಶೀಲಿಸಿ, ಯಾವ ಭಾವ ಯಾವುದರೊಡನೆ ಬೆರೆತಿದೆ ಎಂದು ಲೆಕ್ಕ ಹಾಕಲಾಯಿತು.

ಪತ್ರಗಳು ಒಟ್ಟಿಗೆ ಬಂದವರ ಮುಖದಲ್ಲಿ ಬಹುಪಾಲು ಶಾಂತವಾದ ತಟಸ್ಥ ಭಾವವಿತ್ತು. ದುಃಖದ ಛಾಯೆ ಅದಕ್ಕಿಂತ ಬಹಳ ಹಿಂದೆ, ಎರಡನೆಯ ಸ್ಥಾನದಲ್ಲಿತ್ತು. ಎಡೆಬಿಡದೆ ಪತ್ರ ಬರುತ್ತಿದ್ದವರಲ್ಲಿ ಇದು ತಲೆಕೆಳಗಾಯಿತು. ದುಃಖ ಮುಂದೆ ಬಂತು, ಅದರೊಡನೆ ಭಯವೂ ಬೆರೆತಿತ್ತು. ಯಾರೂ ಅವರನ್ನು ಬೈದಿರಲಿಲ್ಲ, ಕೆಟ್ಟ ಸುದ್ದಿ ತಂದಿರಲಿಲ್ಲ. ಮತ್ತೆ ಮತ್ತೆ ತಡೆದದ್ದಷ್ಟೇ. ಇಂಥ ಮುಖಗಳು ಒಂದು ಕಚೇರಿಯಲ್ಲಿ ನೂರಾರು ಇದ್ದರೆ ಅಲ್ಲಿನ ವಾತಾವರಣ ಹೇಗಿರಬಹುದು ಎಂದು ಸಂಶೋಧಕರು ಕೇಳುತ್ತಾರೆ. ಭಾವನೆ ಅಂಟುಜಾಡ್ಯದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ ಎಂಬುದು ಮನಶ್ಶಾಸ್ತ್ರಕ್ಕೆ ಹೊಸದಲ್ಲ.

ಇದಕ್ಕೆ ಪೂರಕವಾದ ಮತ್ತೊಂದು ಅಧ್ಯಯನ 2014ರದ್ದು. ಒಂದು ಸಂಸ್ಥೆಯ 32 ನೌಕರರನ್ನು ತಲಾ ಐದು ದಿನ ಗಮನಿಸಿದಾಗ, ಎದುರುಬದುರು ಮಾತುಕತೆ ದಿನದುದ್ದಕ್ಕೂ ಸಂತೋಷದ ಮನಃಸ್ಥಿತಿಯೊಡನೆ ಕೂಡಿಬಂತು. ಇ-ಮೇಲ್ ಬಳಕೆಯ ಜೊತೆಗೆ ಬಂದದ್ದು ಬೇಸರದ ಮನಃಸ್ಥಿತಿ. ಹಾಗೆಂದು ಇ-ಮೇಲ್ ಬರೀ ಕೆಡುಕೂ ಅಲ್ಲ. ಅದೇ ಜನರಿಗೆ ಅದರಿಂದ ಕೆಲಸದಲ್ಲಿ ತೊಡಗಿಕೊಂಡ ಭಾವ, ಸವಾಲಿನ ಭಾವವೂ ಬರುತ್ತಿತ್ತು.

ಒಂದು ಎಚ್ಚರಿಕೆ

ವಿಜ್ಞಾನದಲ್ಲಿ ಒಂದು ಪ್ರಯೋಗದಿಂದ ಜಗತ್ತಿಗೆಲ್ಲ ತೀರ್ಪು ಕೊಡುವಂತಿಲ್ಲ. 13 ಮಂದಿ, 26 ಮಂದಿ ಎಂಬುದು ಚಿಕ್ಕ ಸಂಖ್ಯೆ. ಪ್ರಯೋಗಾಲಯದ ಪ್ರಬಂಧ ಬೇರೆ, ಕಚೇರಿಯ ನಿಜವಾದ ದಿನ ಬೇರೆ. ಮಾರ್ಕ್ ಅವರ ಅಧ್ಯಯನಗಳೇ ಕೆಲವೊಮ್ಮೆ ನಿರೀಕ್ಷೆಗೆ ವಿರುದ್ಧವಾಗಿ ಬಂದಿವೆ. 2016ರಲ್ಲಿ 40 ನೌಕರರನ್ನು 12 ದಿನ ಗಮನಿಸಿದಾಗ, ಅವರು ದಿನಕ್ಕೆ ಸರಾಸರಿ 77 ಬಾರಿ ಇ-ಮೇಲ್ ನೋಡುತ್ತಿದ್ದುದು ತಿಳಿಯಿತು. ಇ-ಮೇಲ್‌ಗೆ ಹೆಚ್ಚು ಹೊತ್ತು ಕೊಟ್ಟಷ್ಟೂ ಒತ್ತಡ ಹೆಚ್ಚಿತ್ತು. ಆದರೆ ಪತ್ರಗಳನ್ನು ಒಟ್ಟಿಗೆ ನೋಡುವವರಿಗೆ ಒತ್ತಡ ಕಡಿಮೆ ಇರಬೇಕೆಂಬ ಊಹೆ ಅಲ್ಲಿ ನಿಜವಾಗಲಿಲ್ಲ! ಸಿದ್ಧಾಂತಕ್ಕೆ ಒಗ್ಗದ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸುವುದು ಒಳ್ಳೆಯ ಸಂಶೋಧಕರ ಲಕ್ಷಣ. ಸದಾ ಏಕಾಗ್ರತೆಯಲ್ಲೇ ಇರಬೇಕೆಂದೂ ಅವರು ಹೇಳುವುದಿಲ್ಲ. ಹೆಚ್ಚು ತಲೆ ಕೆಡಿಸಿಕೊಳ್ಳದ, ಕೈಗೆ ರೂಢಿಯಾದ ಚಿಕ್ಕ ಕೆಲಸಗಳನ್ನು ಮಾಡುವಾಗಲೇ ಜನ ಹೆಚ್ಚು ಸಂತೋಷವಾಗಿರುತ್ತಾರೆ ಎಂಬುದೂ ಅವರು ಕಂಡುಕೊಂಡ ಸಂಗತಿ. ಗಾಢವಾದ ಏಕಾಗ್ರತೆಗೂ ಶ್ರಮವಿದೆ, ಅದಕ್ಕೂ ವಿಶ್ರಾಂತಿ ಬೇಕು.

ಬೆಂಗಳೂರಿಗೂ, ಓದುವ ಮೇಜಿಗೂ

ಈ ವಿಷಯ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನ ಎಷ್ಟೋ ಕಚೇರಿಗಳು ಅಮೆರಿಕದ ಗ್ರಾಹಕರಿಗಾಗಿ ದುಡಿಯುತ್ತವೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತಾದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಎಂಟೂವರೆ. ಅಲ್ಲಿನವರು ದಿನದ ಮೊದಲ ಪತ್ರ ಬರೆಯುವ ಹೊತ್ತಿಗೆ ಇಲ್ಲಿನವರು ಊಟದ ತಟ್ಟೆಯ ಮುಂದೆ ಕುಳಿತಿರುತ್ತಾರೆ. ದುಡಿಮೆಯ ವೇಳೆ ಮುಗಿದ ಮೇಲೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿನ ಮೂಲಕ ಮಾನ್ಯಮಾಡಿದವು. ಒಬ್ಬ ನೌಕರ ತಾನೊಬ್ಬನೇ ಇ-ಮೇಲ್ ನೋಡದಿದ್ದರೆ ಹಿಂದೆ ಬೀಳುತ್ತಾನೆ. ಎಲ್ಲರೂ ಸೇರಿ ನಿಯಮ ಮಾಡಿಕೊಂಡರೆ ಮಾತ್ರ ಇದು ಸಾಧ್ಯ ಎಂಬುದೇ ಇದರ ಹಿಂದಿನ ವಿಚಾರ.

ಇನ್ನು ವಿದ್ಯಾರ್ಥಿಗಳ ಮಾತು. 2014ರಲ್ಲಿ ಮಾರ್ಕ್ ಮತ್ತು ಸಂಗಡಿಗರು 48 ಕಾಲೇಜು ವಿದ್ಯಾರ್ಥಿಗಳನ್ನು ಏಳು ದಿನ, ಅವರು ಎಚ್ಚರವಾಗಿದ್ದ ಹೊತ್ತೆಲ್ಲ, ಎದೆಬಡಿತದ ಸಾಧನ ಮತ್ತು ಕಂಪ್ಯೂಟರ್ ದಾಖಲೆಗಳ ಮೂಲಕ ಅಧ್ಯಯನ ಮಾಡಿದರು. ಒಂದರಿಂದ ಇನ್ನೊಂದಕ್ಕೆ ಹೆಚ್ಚು ಜಿಗಿದವರಲ್ಲಿ ಒತ್ತಡವೂ ಹೆಚ್ಚಿತ್ತು. ರಾತ್ರಿ ಬೇಗ ಪರದೆಯಿಂದ ಏಳುತ್ತಿದ್ದವರು ಮರುದಿನ ಕಡಿಮೆ ಜಿಗಿದಾಡುತ್ತಿದ್ದರು. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಹಿರಿಯರು ಹೇಳುತ್ತಿದ್ದ ಮಾತಿಗೆ ಇಲ್ಲೊಂದು ಅಳತೆ ಸಿಕ್ಕಂತಾಯಿತು.

ಪುಸ್ತಕ ತೆರೆದ ಮಗ ಅಥವಾ ಮಗಳು ಐದು ನಿಮಿಷಕ್ಕೊಮ್ಮೆ ಮೊಬೈಲ್ ನೋಡಿದರೂ ಪಾಠ ಮುಗಿದೀತು, ಅಂಕವೂ ಬಂದೀತು. ‘ನೋಡಿ, ಓದಿ ಆಯಿತಲ್ಲ’ ಎಂದು ಅವರು ವಾದಿಸಲೂಬಹುದು. 2008ರ ಪ್ರಯೋಗದಲ್ಲಿ ಕೆಲಸ ಬೇಗ ಮುಗಿಸಿದವರೂ ಅದನ್ನೇ ಹೇಳಬಹುದಿತ್ತು! ಓದಿ ಆಯಿತೇ ಎಂದು ಕೇಳುವುದರ ಜೊತೆಗೆ, ಓದಿ ಎದ್ದಾಗ ಮುಖ ಹೇಗಿದೆ ಎಂದು ನೋಡುವುದು ತಂದೆತಾಯಿಗಳ ಕೆಲಸ. ಅದಕ್ಕೆ ಮೊದಲು, ರಾತ್ರಿಯ ಊಟಕ್ಕೆ ಕುಳಿತಾಗ ದೊಡ್ಡವರ ಫೋನೂ ಪಕ್ಕದ ಕೋಣೆಯಲ್ಲಿರಬೇಕು. ಜರ್ಮನಿಯ ಆ ಸಂಸ್ಥೆಯಲ್ಲಿ ಊಟವಾದ ಮೇಲೆ ಒಂದು ಸುತ್ತು ನಡೆಯುತ್ತಿದ್ದವರಂತೆ, ಊಟ ಮುಗಿಸಿ ಮನೆಮಂದಿಯೆಲ್ಲ ಬೀದಿಯ ತುದಿಯವರೆಗೆ ಮಾತನಾಡುತ್ತಾ ನಡೆದು ಬಂದರೆ ಖರ್ಚೇನೂ ಇಲ್ಲ. ಅಷ್ಟು ಹೊತ್ತಿನಲ್ಲಿ ಬಂದ ಪತ್ರಗಳು ಎಲ್ಲಿಗೂ ಓಡಿಹೋಗುವುದಿಲ್ಲ.